ರೇಷ್ಮೆಯ ಮೊಟ್ಟೆಯೂ ಅದರ ನಿದ್ದೆಯೂ

ಪ್ರಾಣಿಯ ಬೆಳೆವಣಿಗೆಯನ್ನು ನಿರ್ಣಯಿಸತಕ್ಕದ್ದು ವಂಶಗುಣವೋ ಸುತ್ತಣ ಹವೆಯೋ ಎಂಬ ಚರ್ಚೆ ವಿದ್ವತ್ಸಭೆಗಳಿಗೆ ಮೀಸಲಾದುದೆಂದು ನಾವು ಭಾವಿಸುವುದುಂಟು. ಆದರೆ ರಾಮನಗರ, ಶಿಡ್ಲಘಟ್ಟಗಳ ಕಡೆ ರೇಷ್ಮೆಹುಳು ಸಾಕುವ ರೈತನಿಗೆ ಇದು ಹೊಟ್ಟೆಪಾಡಿನ ವಿಷಯ. ಅವನು ಕೊಂಡುತಂದ ಮೊಟ್ಟೆಗಳು ಹಿಪ್ಪುನೇರಳೆಯ ಎಳೆಸೊಪ್ಪು ಸಿದ್ಧವಾಗುವ ವೇಳೆಗೆ ಸರಿಯಾಗಿ ಒಡೆಯಬೇಕು. ಒಳಗಿನ ಭ್ರೂಣ ನಿದ್ದೆಹೋಯಿತೆಂದರೆ ಸೊಪ್ಪು ಬಲಿತು ಒರಟಾಗುತ್ತದೆ. ಮಾಡಿದ ಸಾಲ ಮಾತ್ರ ಹಾಗೆಯೇ ಉಳಿಯುತ್ತದೆ. ಪಟ್ಟೆಸೀರೆಯ ಅಂಚನ್ನು ಮೆಚ್ಚುವ ನಗರದ ಶ್ರೋತೃಗಳು ಈ ನಿದ್ದೆಯ ಸಂಗತಿಯನ್ನು ಕೇಳಿರುವುದು ಅಪರೂಪ.

ಶೀತದೇಶಗಳಲ್ಲಿ ರೇಷ್ಮೆಹುಳು ಚಳಿಗಾಲವನ್ನು ಕಳೆಯುವುದು ಮೊಟ್ಟೆಯ ರೂಪದಲ್ಲಿ. ಮೊಟ್ಟೆಯಿಟ್ಟ ಒಂದೆರಡು ದಿನಗಳಲ್ಲಿಯೇ ಭ್ರೂಣದ ಬೆಳೆವಣಿಗೆ ನಿಂತು, ಮೊಟ್ಟೆಯ ಬಣ್ಣ ಕಂದಾಗಿ, ವಸಂತದವರೆಗೂ ಸುಪ್ತವಾಗಿರುತ್ತದೆ. ವರ್ಷಕ್ಕೊಂದೇ ಪೀಳಿಗೆಯ ತಳಿಗಳಲ್ಲಿ ಈ ನಿದ್ದೆ ತಪ್ಪದು. ನಮ್ಮ ಮೈಸೂರು ತಳಿಯಾದರೋ ಬಹುಪೀಳಿಗೆಯದು; ಅದರ ಮೊಟ್ಟೆ ನಿದ್ದೆಯನ್ನೇ ಅರಿಯದು. ಇಷ್ಟನ್ನು ಮಾತ್ರ ಕಂಡವನು ಎಲ್ಲವೂ ವಂಶಗುಣವೇ ಎಂದು ತೀರ್ಮಾನಿಸಿಯಾನು.

ವರ್ಷಕ್ಕೆರಡು ಪೀಳಿಗೆಯ ದ್ವಿತಳಿ ಹುಳು ಆ ತೀರ್ಮಾನಕ್ಕೆ ಒಪ್ಪುವುದಿಲ್ಲ. ಒಂದೇ ತಾಯಿಯ ಮೊಟ್ಟೆಗಳನ್ನು ಎರಡು ಪಾಲು ಮಾಡಿ, ಒಂದನ್ನು 25 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ, ಬೆಳಕಿನಲ್ಲಿ, ಮತ್ತೊಂದನ್ನು 15 ಡಿಗ್ರಿಯಲ್ಲಿ, ಕತ್ತಲೆಯಲ್ಲಿ ಇಡೋಣ. ಎರಡರಿಂದಲೂ ಹುಳುಗಳು ಹೊರಬರುತ್ತವೆ, ಸೊಪ್ಪು ತಿನ್ನುತ್ತವೆ, ಗೂಡು ಕಟ್ಟುತ್ತವೆ. ಭೇದ ತೋರುವುದು ಅವುಗಳಲ್ಲಿಯ ಹೆಣ್ಣು ಪತಂಗಗಳು ಮೊಟ್ಟೆಯಿಟ್ಟಾಗ. ಬೆಚ್ಚಗೆ ಬೆಳೆದುದರ ಮೊಟ್ಟೆ ನಿದ್ರಿಸುತ್ತದೆ. ತಂಪಿನಲ್ಲಿ ಬೆಳೆದುದರ ಮೊಟ್ಟೆ ಎಚ್ಚರವಾಗಿದ್ದು ಒಡೆಯುತ್ತದೆ. ತಾನು ಭ್ರೂಣವಾಗಿದ್ದಾಗ ತಾಯಿ ಕಂಡ ಹವೆಯ ಫಲವನ್ನು ಮಕ್ಕಳು ಉಣ್ಣುತ್ತವೆ! ಶಾಖದಿಂದ ನಿದ್ದೆಯೆಂಬುದು ವಿಪರೀತವಾಗಿ ತೋರೀತು. ಆದರೆ ಜಪಾನಿನಂತಹ ದೇಶದಲ್ಲಿ ಬೇಸಗೆಯಲ್ಲಿ ಹುಟ್ಟಿದ ಹುಳುವಿನ ಸಂತಾನಕ್ಕೆ ಎದುರಾಗುವುದು ಚಳಿಗಾಲವೇ ಅಲ್ಲವೆ?

ನಿದ್ದೆಗೆ ಕಾರಣವಾದ ಹಾರ್ಮೋನು ಕೋಶಾವಸ್ಥೆಯ ಹೆಣ್ಣಿನ ಅನ್ನನಾಳದ ಕೆಳಗಿರುವ ನರಗ್ರಂಥಿಯಿಂದ ಹೊರಡುತ್ತದೆಂಬುದನ್ನು ಜಪಾನಿನ ಫುಕುಡ, ಹಸೆಗಾವ ಎಂಬ ವಿಜ್ಞಾನಿಗಳು 1951ರಲ್ಲಿ ತೋರಿಸಿಕೊಟ್ಟರು. ಭ್ರೂಣದಲ್ಲಿ ಶಾಖವನ್ನು ಗ್ರಹಿಸುವ ಪ್ರೋಟೀನು 2014ರಲ್ಲಿ ಪತ್ತೆಯಾಯಿತು. ಆ ಪ್ರೋಟೀನನ್ನು ಕಟ್ಟುವ ವಿಧಿ ಜೀನಿನಲ್ಲಿದೆ. ಹೀಗೆ ಹವೆಗೆ ಕಿವಿಗೊಡಬೇಕೆ ಬೇಡವೆ ಎಂಬುದನ್ನು ವಂಶ ಹೇಳುತ್ತದೆ. ಕಿವಿಗೊಟ್ಟ ಮೇಲೆ ಆಗತಕ್ಕದ್ದೇನೆಂಬುದನ್ನು ಹವೆ ಹೇಳುತ್ತದೆ. ಇವೆರಡನ್ನು ತಕ್ಕಡಿಯಲ್ಲಿಟ್ಟು ಯಾವುದರ ಪಾಲು ಎಷ್ಟೆಂದು ತೂಗಹೊರಡುವುದು ನಮಗೆ ವ್ಯರ್ಥವೆಂದೇ ತೋರುತ್ತದೆ.

ಮೈಸೂರು ಸೀಮೆಯ ಹವೆ ಬೆಚ್ಚಗಿನದು. ಆದುದರಿಂದ ಇಲ್ಲಿ ದ್ವಿತಳಿ ಪತಂಗವು ಸಾಮಾನ್ಯವಾಗಿ ನಿದ್ರಿಸುವ ಮೊಟ್ಟೆಯನ್ನೇ ಇಡುತ್ತದೆ. ಬಿತ್ತನೆ ಕೋಠಿಗಳಲ್ಲಿ ಅದನ್ನು ಇಟ್ಟ ಸುಮಾರು ಒಂದು ದಿನಕ್ಕೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ತೊಳೆದು, ನಿದ್ದೆಗೆ ಜಾರದಂತೆ ತಡೆಯುತ್ತಾರೆ. ಇನ್ನೊಂದು ಉಪಾಯ ಮೈಸೂರು ತಳಿಯ ಹೆಣ್ಣನ್ನು ದ್ವಿತಳಿಯ ಗಂಡಿನೊಡನೆ ಕೂಡಿಸುವುದು. ನಿದ್ದೆ ತಾಯಿಯ ಕಡೆಯಿಂದ ನಿರ್ಣಯವಾಗುವುದರಿಂದ ಈ ಮಿಶ್ರತಳಿಯ ಮೊಟ್ಟೆ ಆಮ್ಲದ ಗೊಡವೆಯಿಲ್ಲದೆ ಹತ್ತು ಹನ್ನೊಂದು ದಿನಗಳಲ್ಲಿ ಒಡೆಯುತ್ತದೆ. ನೂಲಿನ ಉದ್ದವೂ ಮೈಸೂರು ತಳಿಯದಕ್ಕಿಂತ ಹೆಚ್ಚು, ಅದು ತಂದೆಯ ಕೊಡುಗೆ. ಅದೇ ಜೋಡಿಯನ್ನು ತಿರುಗುಮುರುಗು ಮಾಡಿ, ಹೆಣ್ಣು ದ್ವಿತಳಿ, ಗಂಡು ಮೈಸೂರು ಎಂದಿಟ್ಟರೆ ಮೊಟ್ಟೆಗಳು ಮಲಗಿಬಿಡುತ್ತವೆ. ರೈತನು ತಟ್ಟೆಗಳನ್ನು ತೊಳೆದಿಟ್ಟು, ಸೊಪ್ಪು ಕೊಯ್ದುಕೊಂಡು ಕಾಯುತ್ತಿರಬೇಕಾಗುತ್ತದೆ.