ಕಡೆಯ ಪಂಕ್ತಿಯ ಊಟ

ಸಿಂಗಾಪುರದ ನಮ್ಮ ಮನೆಯಲ್ಲಿ ತಾಯಿಯವರು ಉಣ್ಣುತ್ತಿದ್ದುದು ಕಡೆಯ ಪಂಕ್ತಿಯಲ್ಲಿ. ಪಾತ್ರೆಯ ತಳದಲ್ಲಿ ಅವರಿಗೆಂದು ಏನು ಉಳಿದಿದೆಯೆಂದು ನಾವು ಮಕ್ಕಳು ಒಮ್ಮೆಯೂ ಇಣುಕಲಿಲ್ಲ. ಆ ನೆನಪು ಮರುಕಳಿಸಿದ್ದು ಆಸ್ಪತ್ರೆಯ ಮಂಚದ ಮೇಲೆ. ಶಸ್ತ್ರಚಿಕಿತ್ಸೆಯ ಬಳಿಕ ನನ್ನ ದೊಡ್ಡ ಕರುಳಿನ ಕೆಳಭಾಗಕ್ಕೆ ವಿಶ್ರಾಂತಿ ದೊರೆಯಲೆಂದು ಮಲದ ಹಾದಿಯನ್ನು ಹೊಟ್ಟೆಯ ಹೊರಮೈಗೆ ತಿರುಗಿಸಿದ್ದರು. ಕೆಲವು ತಿಂಗಳಲ್ಲಿ ವಿಶ್ರಾಂತಿ ಪಡೆದ ಭಾಗಕ್ಕೇ ಉರಿಯೂತ ಬಂದಿತು. “ರಕ್ತ ಹರಿಯುತ್ತಲೇ ಇದೆಯಲ್ಲ?” ಎಂದೆ. “ರಕ್ತವಿದೆ, ಮೇಷ್ಟ್ರೇ, ಆದರೆ ಅದಕ್ಕೆ ಹಸಿವಾಗಿರಬೇಕು” ಎಂದರು ವೈದ್ಯರು.

ಶ್ರೋತೃಗಳೇ, ದೇಹದ ಬಹುತೇಕ ಅಂಗಗಳು ರಕ್ತದಿಂದ ಆಹಾರ ಪಡೆಯುತ್ತವೆ. ದೊಡ್ಡ ಕರುಳಿನ ಒಳಪೊರೆಯ ಮುಖ್ಯ ಆಹಾರ ಮಾತ್ರ ಕರುಳಿನ ಒಳಗಿನಿಂದಲೇ ಬರಬೇಕು. ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರು, ಅಷ್ಟಿಷ್ಟು ಪಿಷ್ಟ ಕೆಳಗಿಳಿಯುತ್ತವೆ. ಅಲ್ಲಿನ ಕೋಟ್ಯಂತರ ಸೂಕ್ಷ್ಮಾಣುಜೀವಿಗಳು ಅವನ್ನು ಹುಳಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ಬಿಟ್ಟುಕೊಡುತ್ತವೆ. ಬೆಣ್ಣೆಯಿಂದ ಹೆಸರು ಪಡೆದ ಬ್ಯುಟಿರಿಕ್ ಆಮ್ಲವೇ ಒಳಪೊರೆಗೆ ಅಚ್ಚುಮೆಚ್ಚು. ರೋಡಿಗರ್ ಎಂಬ ವಿಜ್ಞಾನಿ ಮನುಷ್ಯರ ಕರುಳಿನ ಕೋಶಗಳನ್ನು ಪರೀಕ್ಷಿಸಿ 1980ರಲ್ಲಿ ಇದನ್ನು ತೋರಿಸಿದರು. ಗ್ಲೂಕೋಸ್ ಎದುರಿಗಿದ್ದರೂ, ಕರುಳಿನ ಇಳಿಭಾಗದ ಕೋಶಗಳು ಬಳಸಿದ ಆಮ್ಲಜನಕದಲ್ಲಿ ನೂರಕ್ಕೆ ಸುಮಾರು 70 ಪಾಲು ಈ ಆಮ್ಲವನ್ನು ಉರಿಸಲೆಂದೇ ವೆಚ್ಚವಾಗಿತ್ತು. ಹೀಗೆ ಆಮ್ಲಜನಕ ವೆಚ್ಚವಾಗುವುದರಿಂದ, ಅದು ಸೋಕದೆ ಬಾಳಬೇಕಾದ ಆ ಅತಿಥಿಗಳಿಗೂ ಕ್ಷೇಮ. ಉಣಿಸುವವರನ್ನು ಉಣ್ಣುವವರು ಕಾಯುತ್ತಾರೆ.

ಈ ಆಮ್ಲಗಳ ನೆರವಿನಿಂದ ಒಳಪೊರೆ ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ. ವೆಲ್ಲೂರಿನ ವೈದ್ಯರು ಕಾಲರಾ ರೋಗಿಗಳ ಉಪ್ಪುನೀರಿಗೆ ಬೇಗ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟವನ್ನು ಬೆರೆಸಿಕೊಟ್ಟರು. ಭೇದಿ ಬೇಗ ನಿಂತುದನ್ನು 2000ದಲ್ಲಿ ಪ್ರಕಟಿಸಿದರು. ನನ್ನಂತೆ ಹಾದಿ ತಿರುಗಿಸಿದ ಕರುಳಿಗೆ ಈ ಆಮ್ಲಗಳ ದ್ರಾವಣವನ್ನೇ ಹಾಯಿಸಿ ಉರಿಯೂತ ತಗ್ಗಿಸಿದುದನ್ನು 1989ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಮುಂದಿನ ಪ್ರಯೋಗಗಳಲ್ಲಿ ಎಲ್ಲರಿಗೂ ಅದೇ ಫಲ ಸಿಗಲಿಲ್ಲ.

ನಾನು ಹುಡುಗನಾಗಿದ್ದಾಗ ಸಿಂಗಾಪುರದ ಕೆರೆಯಾಚೆ ರಾಗಿಯ ಹೊಲಗಳಿದ್ದವು. ಈಗ ಅಲ್ಲಿ ಮನೆಗಳ ಸಾಲು. ನಮ್ಮ ತಟ್ಟೆಯೂ ಬೆಳ್ಳಗಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೊದಲ ಪಂಕ್ತಿಯ ನಾಲಗೆಗೆ ಹಿತವಾಗಲೆಂದು ನಾವು ಕಳೆದುಹಾಕಿದ್ದು ಕಡೆಯ ಪಂಕ್ತಿಯ ಅನ್ನವನ್ನು.

ಹಾದಿಯನ್ನು ಮತ್ತೆ ಕೂಡಿಸಿದ ಮೇಲೆ ನನ್ನ ಉರಿಯೂತ ಇಳಿಯಿತು. ವೈದ್ಯರ ಅಪ್ಪಣೆ ಪಡೆದು ಮೊದಲ ದಿನ ನೆಲ್ಲಿಕಾಯಿಗಾತ್ರದ ಮುದ್ದೆ ನುಂಗಿದೆ. ತಾಯಿಯವರ ಪಾತ್ರೆಯಲ್ಲಿ ಇಣುಕುವ ಕಾಲ ಮೀರಿತು. ಉಣ್ಣುವಾಗ ಈಗ ಕಡೆಯವರಿಗೆ ಏನಿದೆಯೆಂದು ಕೇಳಿಕೊಳ್ಳುತ್ತೇನೆ.