ಮಸೂರಕ್ಕೆ ಮರುಬೆಲೆ

ಒಡವೆ ಕೊಳ್ಳುವಾಗ ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆಯೊಂದುಂಟು: "ನಾಳೆ ಮಾರಿದರೆ ಎಷ್ಟು ಬಂದೀತು?" ನಿವೇಶನ ಕೊಳ್ಳುವಾಗಲೂ ಇದೇ ಪ್ರಶ್ನೆ. ಪುಸ್ತಕ ಕೊಳ್ಳುವಾಗ ಮಾತ್ರ ಯಾರೂ ಹೀಗೆ ಕೇಳುವುದಿಲ್ಲ; ಅವೆನ್ಯೂ ರಸ್ತೆಯಲ್ಲಿ ಅದಕ್ಕೆ ಒದಗುವ ಗತಿ ನಮಗೆಲ್ಲ ತಿಳಿದದ್ದೇ. ಕ್ಯಾಮರಾದ ಮಸೂರ, ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಲೆನ್ಸು, ಈ ಎರಡು ಬಗೆಗಳ ನಡುವೆ ನಿಂತಿರುವ ವಸ್ತು. ಅದು ದುಡಿಮೆಯ ಉಪಕರಣವೂ ಹೌದು, ಕಷ್ಟಕಾಲಕ್ಕೆ ಒದಗುವ ಆಸ್ತಿಯೂ ಹೌದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಕಡೆ ಮದುವೆ ಮುಂಜಿಗಳ ಚಿತ್ರ ತೆಗೆದು ಸಂಸಾರ ಸಾಗಿಸುವವರ ಮನೆಗಳಲ್ಲಿ ಲೆನ್ಸಿನ ಪೆಟ್ಟಿಗೆ ಬೀರುವಿನೊಳಗೆ, ಒಡವೆಯ ಪಕ್ಕದಲ್ಲಿಯೇ ಇರುವುದುಂಟು. ಯಾವ ಲೆನ್ಸು ತನ್ನ ಬೆಲೆಯನ್ನು ಕಾಯ್ದುಕೊಳ್ಳುತ್ತದೆ, ಯಾವುದು ಕಳೆದುಕೊಳ್ಳುತ್ತದೆ, ಅದಕ್ಕೆ ಕಾರಣವೇನು ಎಂಬುದು ಇಂದಿನ ನನ್ನ ಮಾತಿನ ವಿಷಯ.

ಮೊದಲಿಗೆ ಒಂದು ಭೇದವನ್ನು ಹೇಳಬೇಕು. ಈಗಿನ ಕ್ಯಾಮರಾದ ಒಡಲು ಮೂಲತಃ ಒಂದು ವಿದ್ಯುನ್ಮಾನ ಯಂತ್ರ. ಎರಡು ಮೂರು ವರ್ಷಗಳಿಗೊಮ್ಮೆ ಹೊಸ ಮಾದರಿ ಬರುತ್ತದೆ. ಹಳೆಯದು ಅಂಗಡಿಯ ಗಾಜಿನ ಹಿಂದೆಯೇ ಮುದಿಯಾಗುತ್ತದೆ. ಮಸೂರವಾದರೋ ಬಹುಪಾಲು ಗಾಜು ಮತ್ತು ಲೋಹ. ಐವತ್ತು ವರ್ಷಗಳ ಹಿಂದೆ ಚೆನ್ನಾಗಿ ಉಜ್ಜಿ ಕೂರಿಸಿದ ಗಾಜು ಇಂದಿಗೂ ಬೆಳಕನ್ನು ಅಷ್ಟೇ ಪ್ರಾಮಾಣಿಕವಾಗಿ ಬಾಗಿಸುತ್ತದೆ. ಆದ್ದರಿಂದಲೇ ಬಲ್ಲವರು "ಹಣವನ್ನು ಒಡಲಿಗೆ ಹಾಕಬೇಡಿ, ಕಣ್ಣಿಗೆ ಹಾಕಿ" ಎಂದು ಬುದ್ಧಿ ಹೇಳುತ್ತಾರೆ. ಮಾತು ನಿಜ. ಆದರೆ ಎಲ್ಲ ಕಣ್ಣುಗಳ ಭಾಗ್ಯವೂ ಒಂದೇ ಅಲ್ಲ.

ಲೆನ್ಸಿನ ಮರುಬೆಲೆಯನ್ನು ನಿರ್ಧರಿಸುವ ಮೊದಲ ಸಂಗತಿ ಅದರ ಗಾಜಲ್ಲ, ಕತ್ತು. ಕ್ಯಾಮರಾಕ್ಕೆ ಅದು ಕೂಡಿಕೊಳ್ಳುವ ಈ ಭಾಗವನ್ನು ಮೌಂಟ್ ಎನ್ನುತ್ತಾರೆ. ರಾಜಾಜಿನಗರದ ಕೈಗಾರಿಕಾ ವಸಾಹತುವಿನಲ್ಲಿ ಲೇತಿನ ಮುಂದೆ ನಿಂತು ದುಡಿದ ಯಾರಿಗಾದರೂ ಇದನ್ನು ವಿವರಿಸಬೇಕಾಗಿಲ್ಲ. ಹಿಂದೆ ಎಂ-42 ಎಂಬ ಮರೆಯ ಮೌಂಟ್ ಬಳಕೆಯಲ್ಲಿತ್ತು: 42 ಮಿಲಿಮೀಟರ್ ವ್ಯಾಸ, ಸುತ್ತಿಗೆ ಒಂದು ಮಿಲಿಮೀಟರ್ ಹೆಜ್ಜೆ. ಜಪಾನಿನ ಪೆಂಟಾಕ್ಸ್, ಪೂರ್ವ ಜರ್ಮನಿಯ ಪ್ರಾಕ್ಟಿಕಾ, ಸೋವಿಯತ್ ದೇಶದ ಜೆನಿತ್ ಎಲ್ಲಕ್ಕೂ ಅದೇ ಮರೆ. ಒಂದು ಕಂಪೆನಿಯ ಲೆನ್ಸು ಇನ್ನೊಂದರ ಕ್ಯಾಮರಾಕ್ಕೆ ನಿರಾಯಾಸವಾಗಿ ಕೂರುತ್ತಿತ್ತು. ಹತ್ತು ಮನೆಗೆ ಹೊಂದುವ ಲೆನ್ಸಿಗೆ ಹತ್ತು ಗಿರಾಕಿಗಳು. ಒಂದೇ ಮನೆಗೆ ಹೊಂದುವ ಲೆನ್ಸಿನ ಬಾಳು ಆ ಮನೆಯ ಬಾಳಿಗೆ ಕಟ್ಟುಬಿದ್ದದ್ದು.

ಎರಡು ಪ್ರಸಿದ್ಧ ಕಂಪೆನಿಗಳ ಕಥೆಯನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ನಿಕಾನ್ 1959ರಲ್ಲಿ ತಂದ ಎಫ್ ಮೌಂಟನ್ನು, ಸಣ್ಣಪುಟ್ಟ ಮಾರ್ಪಾಟುಗಳೊಂದಿಗೆ, ದಶಕಗಳ ಕಾಲ ಬಿಡದೆ ನಡೆಸಿಕೊಂಡು ಬಂದಿತು. ತಂದೆಯ ಲೆನ್ಸು ಮಗನ ಕ್ಯಾಮರಾಕ್ಕೆ ಹೊಂದಬಹುದಾಗಿತ್ತು. 1977ಕ್ಕಿಂತ ಹಿಂದಿನವನ್ನು ಮಾತ್ರ ತುಸು ತಿದ್ದಿಸಿಕೊಳ್ಳಬೇಕಾಗುತ್ತಿತ್ತು. ಕ್ಯಾನನ್ ಹಾಗಲ್ಲ. ಅದು 1987ರಲ್ಲಿ ತನ್ನ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ಎಂಬ ಹೊಸದನ್ನು ತಂದಿತು. ಹಳೆಯ ಲೆನ್ಸು ಫಿಲ್ಮಿನಿಂದ 42 ಮಿಲಿಮೀಟರ್ ದೂರದಲ್ಲಿ ಕೂರಬೇಕು. ಹೊಸ ಕ್ಯಾಮರಾ ಅದನ್ನು 44ಕ್ಕಿಂತ ಹತ್ತಿರ ಬಿಡದು. ಆ ಎರಡು ಮಿಲಿಮೀಟರಿನ ಅಂತರದಿಂದಾಗಿ ದೂರದ ಬೆಟ್ಟ ಮಬ್ಬಾಯಿತು. ಒಳ್ಳೆಯ ಲೆನ್ಸುಗಳೆಲ್ಲ ಅನಾಥವಾಗಿ ಬೆಲೆ ಕಳೆದುಕೊಂಡವು. ಗಾಜಿನಲ್ಲಿ ದೋಷವಿರಲಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಳಗನ್ನಡಿಯಿಲ್ಲದ ಕ್ಯಾಮರಾಗಳು ಬಂದವು. ಸೋನಿಯ ಇ ಮೌಂಟ್ 2010ರಲ್ಲಿ, ನಿಕಾನಿನ ಜೆಡ್ ಮತ್ತು ಕ್ಯಾನನ್ನಿನ ಆರ್‌ಎಫ್ 2018ರಲ್ಲಿ. ಕನ್ನಡಿ ಹೋದ ಮೇಲೆ ಆ ಅಂತರ 16ರಿಂದ 20 ಮಿಲಿಮೀಟರಿಗೆ ಇಳಿಯಿತು. ಉಳಿದ ಜಾಗದಲ್ಲಿ ಒಂದು ಲೋಹದ ಬಳೆಯನ್ನು ತೊಡಿಸಿದರೆ ಹಳೆಯ ಕಾಲದ ಯಾವ ಲೆನ್ಸಾದರೂ ಕೂರುತ್ತದೆ. ಮೂಲೆ ಸೇರಿದ್ದ ಎಫ್‌ಡಿ ಲೆನ್ಸುಗಳಿಗೆ ಮತ್ತೆ ಕರೆ ಬಂತು. ಸೋವಿಯತ್ ದೇಶದ ಹೀಲಿಯೋಸ್ 44 ಎಂಬ ಲೆನ್ಸು ಒಂದು ಕಾಲಕ್ಕೆ ಜೆನಿತ್ ಕ್ಯಾಮರಾದ ಜೊತೆಗೆ ಬರುತ್ತಿದ್ದ ಅಗ್ಗದ ಸಾಮಾನು. ನವಕರ್ನಾಟಕದ ಮಳಿಗೆಯಲ್ಲಿ ಅಲ್ಪ ಬೆಲೆಗೆ ಸಿಗುತ್ತಿದ್ದ ಸೋವಿಯತ್ ಪುಸ್ತಕಗಳನ್ನು ಈಗ ಹುಡುಕಿಕೊಂಡು ಹೋಗುವವರಿರುವಂತೆಯೇ, ಹಿನ್ನೆಲೆಯನ್ನು ಸುಳಿಸುಳಿಯಾಗಿ ಮೂಡಿಸುವ ಆ ಲೆನ್ಸನ್ನೂ ಅರಸುವವರಿದ್ದಾರೆ. ಅದೇ ಹೊತ್ತಿಗೆ, 2011ರಲ್ಲಿ ಬಂದು 2018ರಲ್ಲಿ ನಿಂತುಹೋದ ನಿಕಾನ್-1 ಮಾದರಿಯ ಲೆನ್ಸುಗಳನ್ನು ಕೇಳುವವರು ವಿರಳ. ಹೊಸದೆಲ್ಲ ಉಳಿಯುವುದಿಲ್ಲ, ಹಳೆಯದೆಲ್ಲ ಅಳಿಯುವುದಿಲ್ಲ.

ಬೆಲೆಯನ್ನು ಹಿಡಿದಿಡುವ ಎರಡನೆಯ ಸಂಗತಿ ಅಭಾವ. 1991ರ ಆರ್ಥಿಕ ಸುಧಾರಣೆಗಳಿಗೆ ಮುಂಚೆ ವಿದೇಶದ ಕ್ಯಾಮರಾ ಸಾಮಗ್ರಿಗೆ ಆಮದಿನ ಕಟ್ಟುಪಾಡು, ಭಾರೀ ಸುಂಕ. ದುಬೈಯಿಂದಲೋ ಸಿಂಗಪುರದಿಂದಲೋ ಬರುವ ಬಂಧುವಿನ ದಾರಿ ಕಾಯಬೇಕಾಗಿತ್ತು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಲ್ಲಿ ಹುಟ್ಟಿದ್ದು ಅಂಥ ದಿನಗಳಲ್ಲಿ. ಟಿ.ಎಸ್. ಸತ್ಯನ್, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದ ನಮ್ಮ ನಾಡಿನ ಹಿರಿಯರು ಹೆಸರು ಮಾಡಿದ್ದೂ ಆ ಅಭಾವದ ನಡುವೆಯೇ. ಆಗ ಲೆನ್ಸು ಬೆಲೆ ಕಳೆದುಕೊಳ್ಳುತ್ತಿರಲಿಲ್ಲವೆಂದು ಹಳಬರು ಹೆಮ್ಮೆಯಿಂದ ಹೇಳುತ್ತಾರೆ. ಅದು ಲೆನ್ಸಿನ ಹಿರಿಮೆಯಲ್ಲ. ಹೊಸದು ಸಿಗದಿದ್ದಾಗ ಹಳೆಯದೇ ಹೊಸದು. ಈಗ ಕ್ಯಾಮರಾದ ಜೊತೆಗೇ ಬರುವ 18-55ರ ಲೆನ್ಸಿನ ಗತಿಯನ್ನು ನೋಡಿ. ಹಗಲ ಬೆಳಕಿನಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಎಲ್ಲರ ಮನೆಯಲ್ಲೂ ಇರುವುದರಿಂದ ಯಾರಿಗೂ ಬೇಡವಾಗಿದೆ.

ಮೂರನೆಯದು ಲೆನ್ಸು ಬಾಳಿದ ಬಗೆ. ಹಳೆಯ ಲೆನ್ಸನ್ನು ಕೊಳ್ಳುವ ಅನುಭವಸ್ಥ ಮೊದಲು ಟಾರ್ಚು ಹಚ್ಚಿ ಒಳಗೆ ಇಣುಕುತ್ತಾನೆ. ಅವನು ಹುಡುಕುವುದು ಜೇಡನ ಬಲೆಯಂತೆ ಹಬ್ಬುವ ಬೂಷ್ಟನ್ನು. ಈ ಬೂಷ್ಟು ಸ್ರವಿಸುವ ಆಮ್ಲ ಗಾಜಿನ ಲೇಪವನ್ನೇ ತಿಂದುಹಾಕುತ್ತದೆ. ಕರಾವಳಿ, ಮಲೆನಾಡುಗಳ ಮಳೆಗಾಲವನ್ನು ಕಂಡ ಲೆನ್ಸೆಂದರೆ ಇಲ್ಲಿಯವರು ಎರಡು ಬಾರಿ ನೋಡುತ್ತಾರೆ. ಗಾಳಿಯ ತೇವವನ್ನು ಶೇಕಡ 40ರಿಂದ 50ರೊಳಗೆ ಇಟ್ಟ ಡಬ್ಬಿಯಲ್ಲಿ ಕಾಪಾಡಿದರೆ ಸಾಕು, ಈ ಭಯವಿಲ್ಲ. ಇಲ್ಲೊಂದು ವಿಚಿತ್ರವಿದೆ. ಮುಂಗಾಜಿನ ಮೇಲಿನ ಸಣ್ಣ ಗೀರು ಚಿತ್ರದಲ್ಲಿ ಕಾಣುವುದೇ ಅಪರೂಪ. ಹಿಂಗಾಜಿನ ಗೀರು ಹೆಚ್ಚು ಹಾನಿಕರ. ಆದರೆ ಸಂತೆಯ ಕಣ್ಣಿಗೆ ಬೀಳುವುದು ಮುಂಗಾಜೇ. ಆ ಗೀರೊಂದರಿಂದ ಬೆಲೆ ಇಳಿದ ಲೆನ್ಸು, ಮಾರಲು ಬಯಸದೆ ದುಡಿಸಲು ಬಯಸುವವನಿಗೆ ಲಾಭದ ವಸ್ತು. ದುರಸ್ತಿಯ ಮಾತೂ ಇದೆ. ಕೈಯಿಂದ ತಿರುಗಿಸುವ ಹಳೆಯ ಲೆನ್ಸಿಗೆ ಗ್ರೀಸು ಬದಲಿಸಿದರೆ ಮರುಜೀವ ಬರುತ್ತದೆ. ವಿದ್ಯುತ್ತಿಲ್ಲದೆ ತಿರುಗದ ಹೊಸ ಲೆನ್ಸಿನ ಮೋಟಾರು ಸತ್ತು ಬಿಡಿಭಾಗ ಸಿಗದಿದ್ದರೆ, ಅದರ ಉತ್ತಮ ಗಾಜೂ ನಿರುಪಯುಕ್ತ.

ಇನ್ನು ವೃತ್ತಿಯವರ ಸಂಗತಿ. ಕಲ್ಯಾಣಮಂಟಪದ ಮಂದ ಬೆಳಕಿನಲ್ಲಿ ದುಡಿಯುವವರಿಗೆ ಅಗಲ ಕಂಡಿಯ 70-200ರ ಲೆನ್ಸು ಬೇಕು. ತುರಹಳ್ಳಿ ಕಾಡಿನ ಕಡೆಗೋ ಕೆಂಗೇರಿಯ ದಾರಿಯ ಜ್ಞಾನಭಾರತಿಗೋ ಬೆಳಗಿನ ಹೊತ್ತು ಹಕ್ಕಿ ಹುಡುಕಿ ಹೋಗುವವರಿಗೆ ಉದ್ದನೆಯ ಲೆನ್ಸು ಬೇಕು. ಕ್ಯಾಮರಾದ ಕಂಪೆನಿಯದೇ ಲೆನ್ಸು ದುಬಾರಿ, ಆದರೆ ಬೆಲೆ ನಿಲ್ಲುತ್ತದೆ. ಸಿಗ್ಮಾ, ಟ್ಯಾಮ್ರಾನ್ ಮುಂತಾದ ಬೇರೆ ಕಂಪೆನಿಗಳದು ಅಗ್ಗ, ಆದರೆ ಬೆಲೆ ಜಾರುತ್ತದೆ ಎಂಬುದು ವಾಡಿಕೆಯ ನಂಬಿಕೆ. ಇದನ್ನು ಒಂದು ಲೆಕ್ಕಕ್ಕೆ ಇಳಿಸಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. 60,000 ರೂಪಾಯಿಯ ಲೆನ್ಸನ್ನು ಐದು ವರ್ಷ ದುಡಿಸಿ 36,000ಕ್ಕೆ ಮಾರಿದರೆ ನಷ್ಟ 24,000. 35,000ದ್ದನ್ನು 10,000ಕ್ಕೆ ಮಾರಿದರೆ ನಷ್ಟ 25,000. ಮೊದಲನೆಯದೇ ಮೇಲೆಂದು ತೋರುತ್ತದೆ. ಆದರೆ ಮೊದಲನೆಯದಕ್ಕೆ ಹೆಚ್ಚಿಗೆ ಹೂಡಿದ 25,000ವನ್ನು ನೂರಕ್ಕೆ 18ರ ಬಡ್ಡಿಗೆ ತಂದಿದ್ದರೆ ವರ್ಷಕ್ಕೆ 4,500 ಬಡ್ಡಿಗೇ ಹೋಗುತ್ತದೆ. ಬೆಲೆ ನಿಲ್ಲುವ ವಸ್ತುವಿನ ಲಾಭ ಸಿಗುವುದು ಕೈಯಲ್ಲಿ ಹಣವಿದ್ದವನಿಗೆ. ಅದೇ ಲೆನ್ಸನ್ನು 36,000ಕ್ಕೆ ಹಳೆಯದಾಗಿ ಕೊಂಡವನಿದ್ದಾನಲ್ಲ, ದೊಡ್ಡ ಇಳಿತವನ್ನು ಅವನ ಪರವಾಗಿ ಮೊದಲ ಯಜಮಾನ ಆಗಲೇ ತೆತ್ತಿರುತ್ತಾನೆ.

ಮತ್ತೊಂದು ಮಾತನ್ನು ಯಾವ ಬೆಲೆಪಟ್ಟಿಯೂ ಹೇಳುವುದಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ಪುಷ್ಯದಲ್ಲಿಯೂ ಇಲ್ಲ. ಛಾಯಾಗ್ರಾಹಕನ ಕೈ ಬರಿದಾಗುವುದು ಆ ತಿಂಗಳುಗಳಲ್ಲಿಯೇ. ಮಕ್ಕಳ ಶಾಲೆಯ ಶುಲ್ಕ ಮಾತ್ರ ಆಷಾಢವನ್ನು ಲೆಕ್ಕಿಸದು. ಆಗ ಅವನು ಮಾರಲು ಹೊರಟರೆ, ಕೊಳ್ಳಬೇಕಾದ ಅವನ ವೃತ್ತಿಬಾಂಧವರೂ ಬರಿಗೈಯವರೇ. ಶ್ರಾವಣದವರೆಗೆ ಕಾಯಬಲ್ಲವನಿಗೆ ಒಂದು ಬೆಲೆ, ನಾಳೆಯೇ ಹಣ ಬೇಕಾದವನಿಗೆ ಇನ್ನೊಂದು. ಗಾಜು ಅದೇ, ಕತ್ತು ಅದೇ. ಮರುಬೆಲೆಯೆಂಬುದು ವಸ್ತುವಿನ ಗುಣವೆಂದು ನಾವು ತಿಳಿಯುತ್ತೇವೆ. ಅದರಲ್ಲಿ ದೊಡ್ಡ ಪಾಲು ಮಾರುವವನ ಬಿಡುವಿನದು. ಇದ್ದೊಂದು ಒಳ್ಳೆಯ ಲೆನ್ಸನ್ನು ಆಷಾಢದಲ್ಲಿ ಮಾರಿ, ಶ್ರಾವಣದ ಮದುವೆಗೆ ಅಂಥದ್ದನ್ನೇ ಬಾಡಿಗೆಗೆ ತರುವವನ ಪಾಡು ನೇಗಿಲು ಮಾರಿ ಉಳಲು ಹೊರಟ ರೈತನ ಪಾಡಿಗಿಂತ ಬೇರೆಯಲ್ಲ.

ಹಾಗಾದರೆ ಕೊಳ್ಳುವವನು ಏನು ಮಾಡಬೇಕು? ಹಣಕಾಸು ಸಚಿವರಾಗಿದ್ದು ವನ್ಯಜೀವಿ ಛಾಯಾಗ್ರಾಹಕರಾಗಿಯೂ ಹೆಸರಾದ ಎಂ.ವೈ. ಘೋರ್ಪಡೆಯವರಂಥವರು ನಮ್ಮಲ್ಲಿ ವಿರಳ. ಉಳಿದವರಿಗೆ ಲೆಕ್ಕ ಬೇಕೇ ಬೇಕು. ಹೆಚ್ಚು ಕ್ಯಾಮರಾಗಳಿಗೆ ಹೊಂದುವುದನ್ನು ಆರಿಸಿ. ರಸೀತಿ, ಪೆಟ್ಟಿಗೆಗಳನ್ನು ಕಾಪಾಡಿ. ತೇವದಿಂದ ದೂರವಿಡಿ. ಆದರೆ ಮುಂದೆ ಮಾರುವಾಗ ಬೆಲೆ ಕುಗ್ಗೀತೆಂದು ಮಳೆಗೆ, ದೂಳಿಗೆ, ತೇರಿನ ಗದ್ದಲಕ್ಕೆ ಒಯ್ಯದೆ ಇಟ್ಟ ಲೆನ್ಸು ಕೊಂಡ ದಿನದಿಂದಲೇ ಬೇರೊಬ್ಬರದು. ನಾವು ಅದರ ಕಾವಲುಗಾರರಷ್ಟೆ. ಮಾರಿದರೆ ಎಷ್ಟು ಬಂದೀತು ಎಂದು ಕೇಳುವುದು ತಪ್ಪಲ್ಲ. ಮಾರುವ ದಿನದೊಳಗೆ ಇದರಿಂದ ಎಷ್ಟು ಕೆಲಸವಾದೀತು ಎಂದು ಅದಕ್ಕಿಂತ ಮೊದಲು ಕೇಳಿಕೊಳ್ಳುವುದು ಮೇಲು.