ಬಸ್ಸು ಬಾರದ ದಾರಿ

(ಹಿರಿಯೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ಬರುವವರು, ಅಂಗಡಿಗೆ ಬಾಗಿಲು ಹಾಕುವವರು ಈಗ ಮೊಬೈಲಿನಲ್ಲಿ ಹಾಡನ್ನಷ್ಟೇ ಅಲ್ಲ, ಕೊಲೆಯ ಕಥೆಗಳನ್ನೂ ಕೇಳುತ್ತಾರೆ. ಇದಕ್ಕೆ ಪಾಡ್‌ಕಾಸ್ಟ್ ಎಂದು ಹೆಸರು. ರೇಡಿಯೋದಂತೆ ಕಂತು ಕಂತಾಗಿ ಬರುತ್ತದೆ. ಕೊಂದವನು ಯಾರು ಎಂಬ ಕುತೂಹಲವನ್ನು ಮುಂದಿನ ವಾರದವರೆಗೆ ಎಳೆಯುತ್ತಾರೆ, ನಡುವೆ ಜಾಹೀರಾತು ಮಾರುತ್ತಾರೆ. ಸತ್ತ ಹೆಣ್ಣುಮಗಳು ಸರಕಾಗುತ್ತಾಳೆ. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಕೆನಡಾ ದೇಶದ ಮಾತು ಕೇಳಿ. ಅಲ್ಲಿಯ ಮೂಲನಿವಾಸಿಗಳ ನೆಲವನ್ನು ಬಿಳಿಯರು ಕಿತ್ತುಕೊಂಡರು. 1980ರಿಂದ 2012ರವರೆಗೆ ಕೊಲೆಯಾದ ಮೂಲನಿವಾಸಿ ಹೆಂಗಸರು 1,017 ಮಂದಿಯೆಂದು 2014ರಲ್ಲಿ ಅಲ್ಲಿಯ ಪೊಲೀಸರೇ ಲೆಕ್ಕ ಕೊಟ್ಟರು. ಅವುಗಳಲ್ಲಿ 120 ಕೊಲೆಗಳು ಬಗೆಹರಿದಿರಲಿಲ್ಲ. ಮೂಲನಿವಾಸಿ ಪತ್ರಕರ್ತೆ ಕಾನಿ ವಾಕರ್, 1989ರಲ್ಲಿ ಕೊಲೆಯಾದ 24 ವರ್ಷದ ತರುಣಿಯೊಬ್ಬಳ ಕಥೆಯನ್ನು 2016ರಲ್ಲಿ ಪಾಡ್‌ಕಾಸ್ಟಿನಲ್ಲಿ ಹೇಳಿದರು. ಮನೆಯವರ ಮಾತನ್ನು ಕೇಳಿಸಿದರು. ತನಿಖೆ ಮಾಡಿದ್ದ ಪೊಲೀಸನ ಮಾತನ್ನೂ ಕೇಳಿಸಿದರು.

ಆ ತರುಣಿಯ ಶವ ಸಿಕ್ಕಿದ್ದು 16ನೆಯ ಹೆದ್ದಾರಿಯ ಬಳಿ. ಜನ ಅದನ್ನು ಕಣ್ಣೀರಿನ ಹೆದ್ದಾರಿ ಎನ್ನುತ್ತಾರೆ. ಆ ದಾರಿಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಕಾಣೆಯಾದರು. ಬಡವರ ಊರುಗಳಿಗೆ ಬಸ್ಸಿನ ಅನುಕೂಲವಿರಲಿಲ್ಲ. ಕಂಡ ಕಾರಿಗೆ ಕೈ ಅಡ್ಡ ಹಿಡಿಯಬೇಕಿತ್ತು. ಬಸ್ಸು ಬಿಡಿರೆಂದು 2006ರಲ್ಲಿ ಜನ ಸಭೆ ಸೇರಿ ಕೇಳಿದರು. ಊರೂರು ಕೂಡಿಸುವ ಸರ್ಕಾರಿ ಬಸ್ಸು ಹೊರಟದ್ದು 2017ರಲ್ಲಿ. ಹನ್ನೊಂದು ವರ್ಷ!

ನಮ್ಮ ನಾಡಿಗೆ ಬನ್ನಿ. 2012ರ ಅಕ್ಟೋಬರ್ 9ರಂದು ಧರ್ಮಸ್ಥಳದಲ್ಲಿ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಕಾಲೇಜಿನಿಂದ ಬಂದು, ಬಸ್ಸಿಳಿದು ಮನೆಗೆ ನಡೆದು ಹೋಗುವಾಗ ಕಾಣೆಯಾದಳು. ಮರುದಿನ ಶವ ಸಿಕ್ಕಿತು. ಆರೋಪ ಹೊತ್ತವನನ್ನು 2023ರ ಜೂನ್ ತಿಂಗಳಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಹಾಗಾದರೆ ಕೊಂದವರು ಯಾರು? 2025ರಲ್ಲಿ ಯೂಟ್ಯೂಬಿನಲ್ಲಿ ಈ ಪ್ರಶ್ನೆ ಮತ್ತೆ ಎದ್ದಿತು. ಲಕ್ಷಾಂತರ ಜನ ನೋಡಿದರು. ಮರೆತ ಹೆಣ್ಣುಮಗಳನ್ನು ನೆನಪಿಗೆ ತಂದದ್ದು ಒಳ್ಳೆಯದೇ. ಆದರೆ ಮೊಬೈಲು ನೋಡಿ ಅಪರಾಧಿಯನ್ನು ಗೊತ್ತುಮಾಡುವುದು ನಮ್ಮ ಕೆಲಸವಲ್ಲ. ತಪ್ಪು ಸಾಬೀತಾಗದೆಯೇ ಒಬ್ಬ ಬಡವ ವರ್ಷಗಟ್ಟಲೆ ಆರೋಪ ಹೊತ್ತದ್ದನ್ನು ಮರೆಯಬಾರದು.

ಅವಳು ಬುಡಕಟ್ಟಿನವಳಲ್ಲ. ಆದರೂ ಬಸ್ಸಿಗೂ ಮನೆಗೂ ನಡುವಿನ ಆ ಒಂಟಿ ದಾರಿ ಎಲ್ಲ ಬಡವರ ಹೆಣ್ಣುಮಕ್ಕಳದೂ ಹೌದು. ಹೊಸದುರ್ಗ, ಹೊಳಲ್ಕೆರೆಯ ತಾಂಡಾಗಳಲ್ಲಿ, ಈ ಹಿರಿಯೂರಿನ ಹಟ್ಟಿಗಳಲ್ಲಿ ಆ ದಾರಿ ಇನ್ನೂ ಉದ್ದ.

ನಾನು ಮೇಷ್ಟರಾಗಿದ್ದಾಗ ಲಂಬಾಣಿ ಹುಡುಗಿಯೊಬ್ಬಳು ಏಳನೆಯ ತರಗತಿಗೇ ಓದು ಬಿಟ್ಟಳು. “ಕತ್ತಲಲ್ಲಿ ಕೆರೆ ಏರಿ ಮೇಲೆ ಒಬ್ಬಳೇ ಬರಬೇಕು ಮೇಷ್ಟ್ರೇ” ಎಂದ ಅವಳ ತಂದೆ. ನಾನು ವಿದ್ಯೆಯ ಮಹಿಮೆ ಹೇಳಿ ಎದ್ದು ಬಂದೆ. ಬಸ್ಸಿಗೆ ಒಂದು ಅರ್ಜಿ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ.

2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟು ಮನ್ನಾ ಆಯಿತು. ಸಂತೋಷ. ಬಸ್ಸೇ ಬಾರದ ಹಟ್ಟಿಗೆ ಟಿಕೆಟ್ಟು ಮನ್ನಾ ಆದರೇನು, ಬಿಟ್ಟರೇನು?

ಆದುದರಿಂದ ಎರಡು ಕೆಲಸ ಮಾಡೋಣ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಜೆಯ ಬಸ್ಸಿಲ್ಲದ, ದೀಪವಿಲ್ಲದ ದಾರಿಗಳ ಪಟ್ಟಿ ಮಾಡೋಣ. ಅದನ್ನು ಡಿಪೋಗೂ ಪಂಚಾಯಿತಿಗೂ ಮುಟ್ಟಿಸೋಣ. ಎರಡನೆಯದು, ಹೆಣ್ಣುಮಗಳೊಬ್ಬಳು ಕಾಣೆಯಾದರೆ ಅದೇ ರಾತ್ರಿ ತಾಯಿತಂದೆಯರ ಜೊತೆ ನಾಲ್ಕು ಮಂದಿ ಠಾಣೆಗೆ ಹೋಗೋಣ. “ಯಾರ ಜೊತೆಗೋ ಓಡಿಹೋಗಿರಬೇಕು, ನಾಳೆ ಬನ್ನಿ” ಎಂದರೆ ಏಳಬೇಡಿ. ಗುರುತರ ಅಪರಾಧದ ದೂರು ಬಂದರೆ ಎಫ್‌ಐಆರ್ ಬರೆಯಲೇಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ ಅಂಥ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ನಿರಾಕರಿಸಿದರೆ ಎಸ್.ಪಿ.ಯವರಿಗೆ ಅಂಚೆಯಲ್ಲಿ ಕಳುಹಿಸಿ.

ಕೊಲೆಯ ಕಥೆ ಕೇಳಬೇಡಿ ಎನ್ನಲಾರೆ. ಕೇಳಿ, ಕೊಂದವನಾರೆಂದು ಕೇಳುವಾಗ, ಅವಳು ಆ ಹೊತ್ತಿನಲ್ಲಿ ಒಬ್ಬಳೇ ನಡೆಯಬೇಕಾಗಿ ಬಂದದ್ದು ಏಕೆಂದೂ ಕೇಳಿ. ಮೊದಲ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಪೊಲೀಸರು. ಎರಡನೆಯದಕ್ಕೆ ಸರ್ಕಾರದ ಜೊತೆಗೆ ನಾವೂ ಉತ್ತರ ಕೊಡಬೇಕು. ಇಷ್ಟೇ ನನ್ನ ಅರಿಕೆ.